ಒಂದು ಪೀರಿಯಡ್ಡಿಗೆ 37 ‘ಅರ್ಥವಾಯಿತಾ’

ಪ್ರಶ್ನೆ: ನಾನು ಕುಮಟಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮನೆಯಲ್ಲಿ ಮಾವನವರು ‘ವಿಷಯ ಎಂಥದ್ದೆಂದರೆ’ ಎನ್ನದೆ ಮಾತು ಶುರು ಮಾಡುವುದಿಲ್ಲ. ಪಿಯುಸಿ ಓದುವ ಮಗಳಿಗೆ ಎಲ್ಲದಕ್ಕೂ ‘ಆಕ್ಚುವಲಿ’. ಟಿವಿ ಹಾಕಿದರೆ ‘ಆಗಿರುವಂಥದ್ದು’, ‘ಹೇಳುವಂಥದ್ದು’. ಸಭೆಗೆ ಹೋದರೆ ‘ಎಂದರೆ ತಪ್ಪಾಗಲಾರದು’. ಕೇಳಿ ಕೇಳಿ ಮೈ ಉರಿಯುತ್ತದೆ. ಹೀಗಿರುವಾಗ ಕಳೆದ ವಾರ ಹಿಂದಿನ ಬೆಂಚಿನ ಹುಡುಗನ ನೋಟ್‌ಬುಕ್ಕಿನಲ್ಲಿ ಐದೈದರ ಕಟ್ಟಾಗಿ ಗೀಟುಗಳು ಕಂಡವು. ನಾನು ಆ ಪೀರಿಯಡ್ಡಿನಲ್ಲಿ ‘ಅರ್ಥವಾಯಿತಾ’ ಎಂದದ್ದರ ಲೆಕ್ಕವಂತೆ, ಒಟ್ಟು 37. ಇದು ಭಾಷೆಗೆ ತಗುಲಿದ ರೋಗವೋ, ನನ್ನ ಕಿವಿಯದೋ? ಬಿಡಿಸಿಕೊಳ್ಳುವುದು ಹೇಗೆ?

ಉತ್ತರ: ಅಕ್ಕೋರೇ, ಮೊದಲು ಆ ಹುಡುಗನನ್ನು ಬೈಯಬೇಡಿ. ತಪ್ಪದೆ 37 ಎಣಿಸಬೇಕಾದರೆ ಅವನು ಇಡೀ ತಾಸು ಕಿವಿಗೊಟ್ಟು ಕುಳಿತಿದ್ದಾನೆ. ನನ್ನ ತರಗತಿಯಲ್ಲೂ ಅಂಥವರಿದ್ದರು. ಶಿರಸಿಯ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದಾಗ ನನ್ನ ಬಾಯಿಗೆ ಹತ್ತಿದ್ದ ಮಾತು ‘ಅದಿರಲಿ’. ಹಾಜರಿಯಿಂದ ಪಾಠಕ್ಕೆ ದಾಟಲು ಅದಿರಲಿ, ರನ್ನನಿಂದ ಜನ್ನನಿಗೆ ಜಿಗಿಯಲು ಅದಿರಲಿ. ಹುಡುಗರು ಕ್ಯಾಂಟೀನಿನ ಬನ್ಸ್ ಪಣಕ್ಕಿಟ್ಟು ಎಣಿಸುತ್ತಿದ್ದರೆಂಬುದು ಗೊತ್ತಾದದ್ದು ನಿವೃತ್ತಿಯ ದಿನ. ಹಾರ ಹಾಕಲು ಬಂದ ಹಳೆಯ ವಿದ್ಯಾರ್ಥಿಯೊಬ್ಬ, ‘ಸರ್, ನೀವು ಒಂದು ತಾಸಿನಲ್ಲಿ ಇಪ್ಪತ್ತು ದಾಟಿಸಿದ್ದರಿಂದ ನನಗೆ ನಾಲ್ಕು ಬನ್ಸ್ ಸಿಕ್ಕಿತ್ತು’ ಎಂದು ಕೃತಜ್ಞತೆ ಸಲ್ಲಿಸಿದ.

ನೀವು ಪಟ್ಟಿ ಮಾಡಿದ ಐದು ಮಾತುಗಳಲ್ಲಿ ಮಾವನವರದನ್ನು ನಾನು ಸಹಿಸುತ್ತೇನೆ, ಮಗಳದನ್ನು ನೋಡಿ ನಗುತ್ತೇನೆ, ಟಿವಿಯದರ ಮೇಲೆ ಮಾತ್ರ ನನಗೆ ನಿಜವಾದ ಸಿಟ್ಟಿದೆ. ನಿಮ್ಮದಕ್ಕೆ ಮದ್ದಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಮತ್ತೆ ಮತ್ತೆ ಕೇಳಿಬರುವುದರಿಂದಲೇ ಮಾತು ಬೇಸರ ಹುಟ್ಟಿಸುತ್ತದೆ ಎಂದು ನಾವು ನಂಬಿದ್ದೇವೆ. ಶಿರಸಿಯ ಅಡಿಕೆ ವ್ಯಾಪಾರದ ಅಂಗಳದಲ್ಲಿ ಒಂದು ದಿನ ಕುಳಿತು ನೋಡಿ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ನಾಲ್ಕೇ ಮಾತು ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುತ್ತಿರುತ್ತವೆ. ಯಾರೂ ಹಣೆ ಗಂಟಿಕ್ಕುವುದಿಲ್ಲ, ಏಕೆಂದರೆ ಪ್ರತಿ ಸಲವೂ ಆ ಮಾತಿನ ಹಿಂದೆ ಒಂದು ಚೀಲವಿದೆ, ಒಂದು ದರವಿದೆ. ಯಕ್ಷಗಾನದ ಆಟಕ್ಕೆ ಹೋದರೆ ಪ್ರತಿ ರಾತ್ರಿ ಅದೇ ‘ಬಲ್ಲಿರೇನಯ್ಯಾ’. ಕೆರೆಮನೆಯವರ ಇಡಗುಂಜಿ ಮೇಳ 1934ರಲ್ಲಿ ಹುಟ್ಟಿತು. ಆ ಮೇಳವೂ ಉಳಿದ ಮೇಳಗಳೂ ಇಷ್ಟು ವರ್ಷಗಳಲ್ಲಿ ಆ ಒಂದು ಮಾತನ್ನು ಎಷ್ಟು ಸಾವಿರ ಸಲ ಆಡಿರಬಹುದು? ಬೇಸರ ಬಂದು ಎದ್ದುಹೋದ ಪ್ರೇಕ್ಷಕನನ್ನು ನಾನು ಕಂಡಿಲ್ಲ. ಆ ಮಾತು ಬಂತೆಂದರೆ ತೂಕಡಿಸುತ್ತಿದ್ದವನೂ ನೆಟ್ಟಗೆ ಕೂರುತ್ತಾನೆ.

ನಮ್ಮ ಹಳೆಯ ತರ್ಕಶಾಸ್ತ್ರಜ್ಞರು ಇದನ್ನು ಬಹಳ ಹಿಂದೆಯೇ ಬಿಡಿಸಿಟ್ಟಿದ್ದಾರೆ. ವಾದದಲ್ಲಿ ಒಬ್ಬನು ಸೋತನೆಂದು ತೀರ್ಮಾನಿಸಲು ನ್ಯಾಯಸೂತ್ರಗಳು 22 ನಿಗ್ರಹಸ್ಥಾನಗಳನ್ನು ಹೇಳುತ್ತವೆ. ಅವುಗಳಲ್ಲಿ ಒಂದು ‘ಪುನರುಕ್ತ’, ಹೇಳಿದ್ದನ್ನೇ ಮತ್ತೆ ಹೇಳುವುದು. ಆದರೆ ಅಲ್ಲೇ ಒಂದು ರಿಯಾಯಿತಿಯೂ ಇದೆ: ಉದ್ದೇಶವಿಟ್ಟುಕೊಂಡು ಮತ್ತೆ ಹೇಳಿದರೆ ಅದು ‘ಅನುವಾದ’, ದೋಷವಲ್ಲ. (ಅನುವಾದ ಎಂಬ ಶಬ್ದಕ್ಕೆ ನಾವು ಇಂದು ಕೊಡುವ ಅರ್ಥ ಬೇರೆಯೇ.) ಕನ್ನಡ ವ್ಯಾಕರಣದಲ್ಲಂತೂ ದ್ವಿರುಕ್ತಿಗೆ ಗೌರವದ ಸ್ಥಾನ. ಕೊಟ್ಟಿಗೆಯಲ್ಲಿ ‘ಹಾವು! ಹಾವು!’ ಎಂದು ಕೂಗಿದವರಿಗೆ ಒಂದು ಸಲ ಹೇಳಿದರೆ ಸಾಕಿತ್ತು ಎಂದು ಯಾರೂ ಬುದ್ಧಿ ಹೇಳುವುದಿಲ್ಲ. ಕೆಲಸ ಮಾಡುವ ಮಾತು ಎಷ್ಟು ಸಲ ಬಂದರೂ ಕಿವಿ ತಡೆದುಕೊಳ್ಳುತ್ತದೆ. ಕೆಲಸ ಬಿಟ್ಟ ಮೇಲೂ ಸಂಬಳದ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡ ಮಾತು ಬಂದಾಗ ಉರಿಯುತ್ತದೆ.

ಕಿವಿಯ ರೋಗವೇ ಎಂದು ಕೇಳಿದ್ದೀರಿ. ಸ್ವಲ್ಪ ಮಟ್ಟಿಗೆ ಹೌದು. ‘ಹಲಸು’ ಎಂಬ ಶಬ್ದವನ್ನು ನಿಲ್ಲಿಸದೆ ನಲವತ್ತು ಸಲ ಹೇಳಿಕೊಳ್ಳಿ. ಹಣ್ಣು ಮಾಯವಾಗಿ ಬರೀ ಸದ್ದು ಉಳಿಯುತ್ತದೆ. ಮನೋವಿಜ್ಞಾನಿ ಲಿಯಾನ್ ಜಾಕೊಬೊವಿಟ್ಸ್ ಜೇಮ್ಸ್ 1962ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಇದರ ಮೇಲೆಯೇ ಪಿಎಚ್‌ಡಿ ಮಾಡಿದರು. ಅರ್ಥ ತಣಿದುಹೋಗುವುದು ಎಂದು ಕನ್ನಡದಲ್ಲಿ ಹೇಳಬಹುದು. ಸ್ವಲ್ಪ ಹೊತ್ತು ಬಿಟ್ಟರೆ ಹಲಸು ತನ್ನ ಪರಿಮಳದೊಂದಿಗೆ ಹಿಂದಿರುಗುತ್ತದೆ, ಚಿಂತೆ ಬೇಡ.

ನಿಮಗೆ ಹೆಚ್ಚು ಅನ್ವಯಿಸುವುದು ಇನ್ನೊಂದು. ಒಂದು ಮಾತು ಒಮ್ಮೆ ಕಣ್ಣಿಗೆ ಬಿದ್ದರೆ ಆಮೇಲೆ ಎಲ್ಲೆಲ್ಲೂ ಅದೇ. ಸ್ಟ್ಯಾನ್‌ಫರ್ಡಿನ ಭಾಷಾವಿಜ್ಞಾನಿ ಆರ್ನಲ್ಡ್ ಜ್ವಿಕಿ 2005ರಲ್ಲಿ ಈ ಭ್ರಮೆಗೊಂದು ಹೆಸರಿಟ್ಟರು. ಮಾತು ಹೆಚ್ಚಿರುವುದಿಲ್ಲ, ನಮ್ಮ ಕಾವಲು ಹೆಚ್ಚಿರುತ್ತದೆ. ಇದರ ಬೆನ್ನಿಗೇ ಅವರು ಗುರುತಿಸಿದ ಮತ್ತೊಂದು ಭ್ರಮೆ ಎಂದರೆ ನಾವು ಈಗ ಗಮನಿಸಿದ್ದೆಲ್ಲ ಈಗಲೇ ಹುಟ್ಟಿತು ಎಂದುಕೊಳ್ಳುವುದು. ಇಂಗ್ಲಿಷ್ ಬೆರೆಸಿ ಕನ್ನಡ ಕೆಟ್ಟಿತು ಎಂದು ನನಗೆ ಕಾಗದ ಬರೆಯುವ ಹಿರಿಯರು ಅದೇ ಕಾಗದದಲ್ಲಿ ಅರ್ಜಿ, ಜಮೀನು, ತಹಶೀಲ್ದಾರ, ಫಿರ್ಯಾದಿ ಎಂದು ಬರೆದಿರುತ್ತಾರೆ. 1862ರಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತದಿಂದ ಮುಂಬಯಿಗೆ ಹೋಯಿತು. ಮಾಮಲೇದಾರ ಕಚೇರಿಯ ಮರಾಠಿ, ಪಾರಸಿ ಮಾತುಗಳನ್ನು ಕೇಳಿ ಅಂದಿನ ಅಜ್ಜಂದಿರಿಗೂ ಹೀಗೆಯೇ ಮೈ ಉರಿದಿರಬೇಕು.

ಯಾರ ಬಾಯಿಂದ ಬಂತು ಎಂಬುದೂ ಲೆಕ್ಕಕ್ಕೆ ಬರುತ್ತದೆ. ತಾಯಿ ಹತ್ತು ಸಲ ‘ದೇವರೇ’ ಎಂದರೆ ನಮಗೆ ಕೇಳಿಸುವುದೇ ಇಲ್ಲ. ನಮಗಾಗದ ಮೇಲಧಿಕಾರಿ ಮೂರು ಸಲ ‘ಓಕೆನಾ’ ಎಂದರೆ ಮನೆಗೆ ಬಂದು ಅಣಕಿಸಿ ತೋರಿಸುತ್ತೇವೆ. ಮಾತಿನ ಮೇಲಿನ ಸಿಟ್ಟು ಎಷ್ಟೋ ಸಲ ಮನುಷ್ಯನ ಮೇಲಿನ ಸಿಟ್ಟೇ. ಮಾವನವರ ವಿಷಯದಲ್ಲಿ ಈ ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ಉತ್ತರವನ್ನು ನನಗೆ ಬರೆಯಬೇಕಾಗಿಲ್ಲ.

ಅವರ ‘ವಿಷಯ ಎಂಥದ್ದೆಂದರೆ’ ಒಂದು ದಿಂಬು. ಉರ್ದು, ಹಿಂದಿಯವರು ಇಂಥ ಮಾತಿಗೆ ‘ತಕಿಯಾ ಕಲಾಮ್’ ಎನ್ನುತ್ತಾರೆ. ತಕಿಯಾ ಎಂದರೆ ದಿಂಬು. ಮಾತಿನ ನಡುವೆ ತಲೆಯಿಟ್ಟು ಒಂದು ಕ್ಷಣ ಒರಗುವ ಜಾಗ. ಎಷ್ಟು ಚೆಂದದ ಹೆಸರು! ಕನ್ನಡದಲ್ಲಿ ಇಷ್ಟು ಮೆತ್ತಗಿನದು ನಮಗೆ ಹೊಳೆಯಲಿಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚಿದೆ. ಒರಗುವುದರಲ್ಲೂ ಒಂದು ಶಿಸ್ತಿದೆ. ಇಂಗ್ಲಿಷ್ ಮಾತನಾಡುವವರು ತಡವರಿಸುವಾಗ ಮಾಡುವ ಸದ್ದುಗಳನ್ನು ಹರ್ಬರ್ಟ್ ಕ್ಲಾರ್ಕ್ ಮತ್ತು ಜೀನ್ ಫಾಕ್ಸ್ ಟ್ರೀ ಎಂಬವರು ಪರಿಶೀಲಿಸಿ 2002ರಲ್ಲಿ ಬರೆದರು: ‘ಅ’ ಎಂದರೆ ಚಿಕ್ಕ ತಡೆ, ‘ಅಮ್’ ಎಂದರೆ ಇನ್ನೂ ಉದ್ದದ ತಡೆ ಬರಲಿದೆ ಎಂಬ ಸೂಚನೆ. ಮಾತು ಮುಗಿದಿಲ್ಲ, ನಡುವೆ ಬಾಯಿ ಹಾಕಬೇಡಿ ಎಂಬ ವಿನಂತಿ ಅದು. ಎಂಬತ್ತರ ಸಮೀಪದ ಹಿರಿಯರಿಗೆ ಹೆಸರುಗಳು ನಾಲಗೆಗೆ ಬರಲು ಹೊತ್ತು ಬೇಕು. ಅಷ್ಟು ಹೊತ್ತು ಮನೆಯವರ ಮುಖ ತನ್ನ ಕಡೆಗೇ ತಿರುಗಿರಲಿ ಎಂಬ ಆಸೆಯನ್ನು ಅವರು ಎರಡು ಪದಗಳಲ್ಲಿ ಹೇಳುತ್ತಿದ್ದಾರೆ. ದಿಂಬು ಎಳೆಯಬೇಡಿ.

ಘಟ್ಟದ ಮೇಲೂ ಕೆಳಗೂ ನಾವು ಆಡುವ ‘ಮಾರಾಯ’, ‘ಮಾರಾಯ್ತಿ’, ‘ಎಂತ’, ಕಾರವಾರದ ಕೊಂಕಣಿಯ ‘ರೇ’, ‘ಗೋ’ ಇವೂ ಇದೇ ಬಳಗದವು. ಮಹಾರಾಯ ಸವೆದು ಮಾರಾಯನಾದ. ಈಗ ರಾಜ್ಯವೂ ಇಲ್ಲ, ಕಿರೀಟವೂ ಇಲ್ಲ, ಬಸ್ಸಿನಲ್ಲಿ ಸ್ವಲ್ಪ ಸರಿದು ಕೂರಬೇಕಾದ ಮಾರಾಯ. ಆದರೆ ಆ ಶಬ್ದ ತೆಗೆದು ‘ಸ್ವಲ್ಪ ಸರಿ’ ಎಂದು ನೋಡಿ, ಜಗಳಕ್ಕೆ ಕರೆದಂತೆ ಕೇಳಿಸುತ್ತದೆ. ನಮ್ಮ ‘ಅಡ್ಡಿಯಿಲ್ಲ’ವನ್ನಂತೂ ನಾನು ಯಾರಿಗೂ ಬಿಟ್ಟುಕೊಡುವವನಲ್ಲ. ಬರುತ್ತೇನೆ, ಒಪ್ಪಿದೆ, ಚೆನ್ನಾಗಿದೆ, ಪರವಾಗಿಲ್ಲ, ಸಾಕು, ಇಷ್ಟವಿಲ್ಲ ಆದರೆ ಹೇಳಲಾರೆ ಎಂಬ ಆರು ಅರ್ಥಗಳನ್ನು ಒಂದೇ ಪದ ಹೊತ್ತು ನಡೆಯುತ್ತದೆ. ಬೆಂಗಳೂರಿನಿಂದ ಬಂದ ನನ್ನ ಸೊಸೆಗೆ ಆರನೆಯ ಅರ್ಥ ಹಿಡಿಯಲು ಎರಡು ವರ್ಷ ಬೇಕಾಯಿತು. ಬಾಗಿಲಿಗೆ ಬಂದವರಿಗೆ ‘ಆಸರಿಗೆ (ಕುಡಿಯಲು) ಏನು ಬೇಕು’ ಎಂದು ಕೇಳುವುದೂ ಹಾಗೆಯೇ. ಟ್ರೋಬ್ರಿಯಾಂಡ್ ದ್ವೀಪಗಳ ಜನರ ನಡುವೆ ಬಾಳಿದ ಮಾನವಶಾಸ್ತ್ರಜ್ಞ ಮ್ಯಾಲಿನೋವ್‌ಸ್ಕಿ, ಸುದ್ದಿ ತಿಳಿಸಲಿಕ್ಕಲ್ಲದೆ ನಂಟು ಕಟ್ಟಲಿಕ್ಕಾಗಿಯೇ ಆಡುವ ಮಾತು ಎಂಬ ಬಗೆಯೊಂದನ್ನು 1923ರಲ್ಲಿ ಗುರುತಿಸಿದರು. ಶಿರಸಿಯ ಜಗಲಿಯಲ್ಲಿ ಅರ್ಧ ತಾಸು ಕುಳಿತಿದ್ದರೂ ಅವರಿಗೆ ಅದು ಸಿಗುತ್ತಿತ್ತು.

ಮಗಳ ‘ಆಕ್ಚುವಲಿ’ ವಯಸ್ಸಿನ ಗುರುತು. ನಮ್ಮ ಕಾಲದಲ್ಲಿ ಎಲ್ಲವೂ ‘ಭಯಂಕರ’ವಾಗಿತ್ತು, ಪಾಯಸವೂ ಭಯಂಕರ ರುಚಿ. ಅದನ್ನು ಬಿಡಿಸಲು ಒಂದೇ ದಾರಿ: ನೀವೂ ಅವಳ ಗೆಳತಿಯರೆದುರು ಆ ಶಬ್ದವನ್ನು ಧಾರಾಳವಾಗಿ ಬಳಸಿ. ವಾರದೊಳಗೆ ಅವಳು ಕೈಬಿಡುತ್ತಾಳೆ.

ಸಭೆಯ ಮಾತಿಗೆ ಬರುತ್ತೇನೆ. ಮೇಷ್ಟರಾಗುವ ಮೊದಲು ಎರಡು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಒಂದೊಂದೇ ಅಕ್ಷರದ ಅಚ್ಚುಮೊಳೆ ಜೋಡಿಸುವ ಕಾಲ. ಮದುವೆಯ ತಿಂಗಳುಗಳಲ್ಲಿ ‘ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ’ ಎಂಬ ಸಾಲುಗಳನ್ನು ಬಿಚ್ಚಿ ಮೊಳೆಗಳನ್ನು ಅವುಗಳ ಖಾನೆಗೆ ಹಾಕುತ್ತಿರಲಿಲ್ಲ. ದಾರ ಸುತ್ತಿ ಹಲಗೆಯ ಮೇಲೆ ಇಟ್ಟಿರುತ್ತಿದ್ದರು. ಹುಡುಗ, ಹುಡುಗಿಯ ಹೆಸರು ಮಾತ್ರ ಬದಲಾಗುತ್ತಿತ್ತು. ಸಕುಟುಂಬ ಎಂದ ಮೇಲೆ ಸಮೇತ ಏಕೆ ಎಂದು ಒಮ್ಮೆ ಪ್ರಶ್ನಿಸಿದ್ದಕ್ಕೆ ಮಾಲೀಕರು, ‘ಕಟ್ಟಿಟ್ಟದ್ದನ್ನು ಬಿಚ್ಚಿದರೆ ಕೂಲಿ ನೀವು ಕೊಡುತ್ತೀರಾ?’ ಎಂದು ಕೇಳಿದರು. ನಾವು ಕ್ಲೀಷೆ ಎನ್ನುವ ಮಾತು ಹುಟ್ಟಿದ್ದೂ ಫ್ರಾನ್ಸಿನ ಅಚ್ಚುಮನೆಯಲ್ಲೇ. ಮತ್ತೆ ಮತ್ತೆ ಬೇಕಾಗುವುದನ್ನು ಒಂದೇ ಲೋಹದ ಫಲಕವಾಗಿ ಎರಕ ಹೊಯ್ದಿಡುತ್ತಿದ್ದರು, ಆ ಫಲಕದ ಹೆಸರು ಅದು. ಸವಕಲು ನುಡಿ ಎಂಬ ಅರ್ಥ ಆಮೇಲೆ ಬಂತು.

‘ಎಂದರೆ ತಪ್ಪಾಗಲಾರದು’ ಅಂಥದೊಂದು ಫಲಕ. ತಪ್ಪಾಗಬಹುದಾದ ಮಾತನ್ನು ಆಡುವವನು ಅದನ್ನು ಬಳಸುವುದೇ ಇಲ್ಲ, ಗಮನಿಸಿ. ‘ನೀರು ಜೀವಜಲ ಎಂದರೆ ತಪ್ಪಾಗಲಾರದು’. ಯಾರು ತಪ್ಪೆಂದರು? ಪರಿಚಯದ ಅಗತ್ಯವಿಲ್ಲ ಎಂದು ಹೇಳಿ ಹದಿನೈದು ನಿಮಿಷ ಪರಿಚಯಿಸುವುದು, ಎರಡೇ ಮಾತು ಎಂದು ಮೈಕು ಹಿಡಿದು ಬಿಸಿಲೇರುವ ತನಕ ಬಿಡದಿರುವುದು, ಸತ್ತವರೆಲ್ಲರದೂ ತುಂಬಲಾರದ ನಷ್ಟವಾಗುವುದು, ಇವೆಲ್ಲ ಒಂದೇ ಹಲಗೆಯವು. ನಮ್ಮ ಜಿಲ್ಲೆಗೆ ಮೀಸಲಾದ ಎರಕಗಳೂ ಇವೆ. ಬನವಾಸಿಯ ಹೆಸರೆತ್ತಿದರೆ ಪಂಪನ ಒಂದು ಸಾಲು ಬಂದೇ ಬರುತ್ತದೆ, ಹೆಚ್ಚಾಗಿ ಒಂದು ಅಕ್ಷರ ತಪ್ಪಿಸಿಕೊಂಡು. ಕಾರವಾರ ‘ಕರ್ನಾಟಕದ ಕಾಶ್ಮೀರ’ವಾಗದೆ ಸ್ವಾಗತ ಭಾಷಣ ಮುಗಿಯುವುದಿಲ್ಲ. ಕೊಡಗಿನವರಿಗೂ ಅದೇ ಬಿರುದು ಸಲ್ಲುತ್ತಿದೆ, ಒಂದು ರಾಜ್ಯಕ್ಕೆ ಎರಡು ಕಾಶ್ಮೀರ! ಹಿಮವೇ ಕಾಣದ, ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುವ ಊರಿಗೆ ಈ ಹೆಸರು ಏನನ್ನು ತೋರಿಸಿಕೊಡುತ್ತದೆ? ಆಮೇಲೆ ರವೀಂದ್ರನಾಥ ಠಾಕೂರರು ಬರುತ್ತಾರೆ. ಅವರು ಇಲ್ಲಿಗೆ ಬಂದದ್ದು ಸುಳ್ಳಲ್ಲ. 1883ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಬೆಳದಿಂಗಳಿನಲ್ಲಿ ಕಾಳಿ ನದಿಯ ಮೇಲೆ ದೋಣಿಯಲ್ಲಿ ಸಾಗಿದ ರಾತ್ರಿಯನ್ನು ಅವರೇ ನೆನೆದು ಬರೆದಿದ್ದಾರೆ. ನಮ್ಮ ಭಾಷಣಕಾರರು ಕವಿಯ ಪಾದಸ್ಪರ್ಶದಿಂದ ಪುನೀತವಾದ ನೆಲ ಎಂದು ಕೈಮುಗಿದು ಮುಂದೆ ಹೋಗುತ್ತಾರೆ. ಆ ದೋಣಿಯನ್ನು ಒಬ್ಬರೂ ಹತ್ತುವುದಿಲ್ಲ.

ಅದಿರಲಿ. (ನೋಡಿದಿರಾ?)

ಈಗ ‘ಅಂಥದ್ದು’. ಕನ್ನಡದಲ್ಲಿ ‘ಅಂಥ’ ಎಂದರೆ ಆ ಬಗೆಯ ಎಂದು. ‘ನಿನ್ನೆ ಬಂದ ಬಸ್ಸು’ ಎಂದಾಗ ಬಸ್ಸು ಒಂದೇ, ನಿನ್ನೆ ಬಂದದ್ದು. ‘ನಿನ್ನೆ ಬಂದಂಥ ಬಸ್ಸು’ ಎಂದರೆ ನಿನ್ನೆಯದರ ಹಾಗಿರುವ ಇನ್ನೊಂದು ಬಸ್ಸು ಎಂದಾಗಬೇಕು. ‘ಬಂದ’ ಎಂಬ ಒಂದು ಕೃದಂತದಲ್ಲಿ ಕಾಲವೂ ಇದೆ, ಕ್ರಿಯೆಯೂ ಇದೆ, ಮುಂದಿನ ನಾಮಪದಕ್ಕೆ ಕೊಕ್ಕೆಯೂ ಇದೆ. ಇಷ್ಟು ಹದವಾದ ಉಪಕರಣ ಕೈಯಲ್ಲಿರುವಾಗ ಅದರ ಮೇಲೆ ಅಂಥ, ಅಂತಹ, ಅಂಥದ್ದು ಎಂದು ಹೊದಿಕೆ ಹೊದಿಸುವುದೇಕೆ?

ನನಗೆ ತೋರುವ ಕಾರಣ ಇದು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಬಂದಾಗ ಯಾರು, ಎಷ್ಟು ಜನ, ಯಾವಾಗ ಎಂಬ ಲೆಕ್ಕ ಒಪ್ಪಿಸುತ್ತದೆ. ‘ಕುಸಿದಿದೆ’, ‘ಅಗೆದರು’. ನೇರ ಪ್ರಸಾರದಲ್ಲಿ ನಿಂತವನಿಗೆ ಏನಾಯಿತೆಂಬುದು ಇನ್ನೂ ಪೂರ್ತಿ ಗೊತ್ತಿಲ್ಲ, ಬಾಯಿ ನಿಲ್ಲಿಸುವಂತೆಯೂ ಇಲ್ಲ. ‘ಆಗಿರುವಂಥದ್ದು’ ಎಂದರೆ ಕರ್ತೃ ಬೇಕಾಗಿಲ್ಲ, ವಾಕ್ಯವನ್ನು ಮುಚ್ಚಬೇಕಾಗಿಯೂ ಇಲ್ಲ. ಹೀಗಾಗಿ ‘ಗುಡ್ಡ ಕುಸಿದಿದೆ’ ಎಂಬ ಎರಡು ಪದಗಳ ಸುದ್ದಿ ‘ಗುಡ್ಡ ಕುಸಿತ ಆಗಿರುವಂಥದ್ದು, ರಸ್ತೆ ಬಂದ್ ಆಗಿರುವಂಥದ್ದು, ಜನ ಪರದಾಡುತ್ತಿರುವಂಥದ್ದನ್ನು ನಾವು ನೋಡುತ್ತಿರುವಂಥದ್ದು’ ಎಂದು ಬೆಳೆಯುತ್ತದೆ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಬಂದು ಕುಳಿತಾಗ ಈ ಭಾಷೆಯನ್ನು ನಾನು ದಿನಗಟ್ಟಲೆ ಕೇಳಿದೆ. ಗಂಗಾವಳಿ ನದಿಯ ದಂಡೆಯಲ್ಲಿ ಕಾಣೆಯಾದವರ ಮನೆಯವರು ಕಾದು ನಿಂತಿದ್ದರು. ಪರದೆಯ ಮೇಲೆ ಕಾರ್ಯಾಚರಣೆ ಪ್ರತಿದಿನವೂ ‘ಚುರುಕುಗೊಂಡಿರುವಂಥದ್ದು’. ಮಣ್ಣಿನೊಂದಿಗೆ ನದಿಗೆ ಸೇರಿದ್ದ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ ಕೊನೆಗೆ. ಯಾವ ಯಂತ್ರ ಬಂತು, ಇಂದು ಎಲ್ಲಿ ಹುಡುಕಿದರು, ಏಕೆ ನಿಲ್ಲಿಸಿದರು ಎಂಬ ಮೂರು ನೇರ ವಾಕ್ಯಗಳಿಗಾಗಿ ಒಂದೊಂದು ದಿನ ತಾಸುಗಟ್ಟಲೆ ಕಾದಿದ್ದೇನೆ. ಆ ಮೇಲೆ ಈ ಪ್ರಯೋಗವನ್ನು ಬರೀ ವ್ಯಾಕರಣದ ತಪ್ಪೆಂದು ನಗುತ್ತ ಬಿಟ್ಟುಬಿಡಲು ನನ್ನಿಂದ ಆಗಿಲ್ಲ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’ ಎಂಬುದೂ ಇದರ ದಾಯಾದಿ. ಯಾರು, ಯಾವ ಕ್ರಮ, ಎಂದು ಎಂಬ ಮೂರನ್ನೂ ನುಂಗಿ ಕುಳಿತ ವಾಕ್ಯ. ಮಕ್ಕಳ ಉತ್ತರಪತ್ರಿಕೆಯಲ್ಲಿ ‘ಅಂಥದ್ದು’ ಕಂಡರೆ ದಯವಿಟ್ಟು ಕೆಂಪು ಶಾಯಿ ಉಳಿಸಬೇಡಿ.

ಇನ್ನು ನಿಮ್ಮ 37. ‘ಅರ್ಥವಾಯಿತಾ’ ಎಂಬುದು ನೋಡಲು ಪ್ರಶ್ನೆ. ಆದರೆ ನೀವು ಉತ್ತರ ಕಾಯುವುದಿಲ್ಲ, ಮಕ್ಕಳಿಗೂ ‘ಹೌದು’ ಬಿಟ್ಟು ಬೇರೆ ಉತ್ತರವಿಲ್ಲ. ಇಲ್ಲ ಎನ್ನಲು ನಲವತ್ತು ಜನರೆದುರು ಧೈರ್ಯ ಬೇಕು, ಏನು ಅರ್ಥವಾಗಿಲ್ಲವೆಂದು ಹೇಳಲು ಅರ್ಧ ಅರ್ಥವಾಗಿರಬೇಕು. ನಿಮ್ಮ ಮಾವನವರ ಮಾತಿನಂತೆ ಇದೂ ದಿಂಬೇ ಎಂದು ಬಿಡಬಹುದಿತ್ತು, ಆದರೆ ಕೆಲಸದ ಹೊತ್ತಿನಲ್ಲಿ ದಿಂಬು ಹಾಕಿದರೆ ಪಾಠಕ್ಕೆ ನಿದ್ದೆ ಹತ್ತುತ್ತದೆ.

ಮಾತನ್ನು ತಡೆಯಲು ಹೋಗಬೇಡಿ. ಹಲ್ಲು ಕಚ್ಚಿ ಒಂದನ್ನು ಬಿಟ್ಟರೆ ಆ ಜಾಗಕ್ಕೆ ‘ಸರಿನಾ’ ಬಂದು ಕೂರುತ್ತದೆ. ಒಂದು ತಾಸಿನ ಪಾಠವನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಒಬ್ಬರೇ ಕೇಳಿ. ಮೊದಲ ಐದು ನಿಮಿಷ ಕಷ್ಟ. ಆ ಮಾತು ಎಲ್ಲಿ ಬರುತ್ತದೆ ಎಂಬುದನ್ನು ಗುರುತು ಮಾಡಿಕೊಳ್ಳಿ. ಬಹುಪಾಲು ನೀವು ಒಂದು ವಿಷಯ ಮುಗಿಸಿ ಇನ್ನೊಂದಕ್ಕೆ ದಾಟುವ ಸಂದಿಯಲ್ಲೇ ಇರುತ್ತದೆ. ನನ್ನ ‘ಅದಿರಲಿ’ ಅಲ್ಲೇ ವಾಸವಾಗಿತ್ತು. ಆ ಸಂದಿಗಳಲ್ಲಿ ನಾಲ್ಕೈದಕ್ಕೆ ಮಾತ್ರ ನಿಜವಾದ ಪ್ರಶ್ನೆ ಬರೆದುಕೊಂಡು ಹೋಗಿ. ಉಪ್ಪಿನ ಸತ್ಯಾಗ್ರಹದ ಪಾಠವೆನ್ನಿ. ‘1930ರಲ್ಲಿ ಕರ್ನಾಟಕದವರು ಉಪ್ಪು ಮಾಡಲು ಅಂಕೋಲೆಗೇ ಏಕೆ ಬಂದರು, ಧಾರವಾಡದಲ್ಲಿ ಏಕೆ ಮಾಡಲಿಲ್ಲ?’ ಎಂದು ಕೇಳಿ. ಸಾಣಿಕಟ್ಟೆಯ ಉಪ್ಪಿನ ಆಗರ ನೋಡಿದ ಒಂದು ಮಗುವಾದರೂ ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತದೆ.

ಕೇಳಿದ ಮೇಲೆ ಸುಮ್ಮನಿರಿ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಕಂಡುಕೊಂಡದ್ದು: ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಬಾಯಿ ತೆರೆಯದವರೂ ತೆರೆಯುತ್ತಾರೆ. ಮೂರು ಸೆಕೆಂಡು ಹೊರಗೆ ಏನೂ ಅಲ್ಲ. ಕರಿಹಲಗೆಯ ಮುಂದೆ ನಿಂತಾಗ ಮುರುಡೇಶ್ವರದಿಂದ ಕಾರವಾರದಷ್ಟು ದೂರ. ಆ ಹುಡುಗನ ಹತ್ತಿರ ಕೈಗಡಿಯಾರವಿದ್ದರೆ ಗೀಟಿನ ಕೆಲಸ ನಿಲ್ಲಿಸಿ ಇದನ್ನು ಅಳೆಯಲು ಹಚ್ಚಿ.